ಗಂಗಾಧರಪ್ಪ ಡಾಕ್ಟರ ಕೈ

ಹುಣಸೂರು
೧೨ ಸೆಪ್ಟೆಂಬರ್ ೨೦೨೪

ನನ್ನ ಬಂಗಾರ ಸುಕನ್ಯಾಗೆ ಅಮ್ಮನ ತುಂಬು ಮನಸ್ಸಿನ ಆಶೀರ್ವಾದ. ನೀನು, ಮಹೇಶ, ನಮ್ಮ ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ.

ಕೈಯಲ್ಲಿ ಫೋನ್ ಇಟ್ಟುಕೊಂಡು ಇವಳೇಕೆ ಕಾಗದ ಬರೆದಳು ಎಂದು ನಗಬೇಡ. ಮೊನ್ನೆ ನೀನು ಅಳುತ್ತಾ ಫೋನ್ ಮಾಡಿದಾಗ ನಿಮ್ಮಪ್ಪ ಪಕ್ಕದಲ್ಲೇ ಪೇಪರ್ ಬಿಡಿಸಿಕೊಂಡು ಕೂತಿದ್ದರು. ಪೇಪರ್ ಬರೀ ನೆಪ, ಕಿವಿಯೆಲ್ಲ ನಮ್ಮ ಮಾತಿನ ಮೇಲೆ. ಅದಕ್ಕೇ ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ. ಈಗ ಅವರು ಸಂತೆಗೆ ಹೋಗಿದ್ದಾರೆ. ಸೊಪ್ಪು ತರಲು ಹೋದವರು ಸಿಕ್ಕ ಸಿಕ್ಕ ದನಗಳ ಯೋಗಕ್ಷೇಮವನ್ನೆಲ್ಲ ವಿಚಾರಿಸಿಕೊಂಡು ಬರಬೇಕು, ನನಗೆ ಬೇಕಾದಷ್ಟು ಹೊತ್ತಿದೆ.

ನಿನ್ನ ಮಾವ ಮಿರ್ಲೆಯಲ್ಲಿ ಯಾರೋ "ಉಣಸೂರು ದನದ ಡಾಕ್ಟ್ರು ಕೈ ಬಿದ್ದೋಯ್ತಂತೆ ಕಣ್ರೀ" ಅಂದದ್ದನ್ನು ಕೇಳಿ ಬಂದರು ಎಂದೆಯಲ್ಲ, ಆ ಮಾತು ಹುಟ್ಟಿದ್ದು ಹೇಗೆ ಎಂದು ಹೇಳುತ್ತೇನೆ. ಮೊದಲು ಕಣ್ಣೊರೆಸಿಕೋ.

ನಿಮ್ಮಪ್ಪನ ವಿಷಯ ನಿನಗೆ ಗೊತ್ತಿಲ್ಲದ್ದೇನಲ್ಲ. ನಿನ್ನನ್ನು ತೊಟ್ಟಿಲಿಗೆ ಹಾಕುವ ದಿನ, ಮನೆ ತುಂಬಾ ನೆಂಟರಿರುವಾಗ, ಬೀಚನಹಳ್ಳಿಯಲ್ಲಿ ಯಾರದೋ ಎಮ್ಮೆಗೆ ಗರ್ಭಕೋಶ ಹೊರಬಿದ್ದಿದೆ ಎಂದು ಎದ್ದು ಹೋದವರು ಅವರು. ಸಂಜೆ ಸಗಣಿ ಮೆತ್ತಿದ ಅಂಗಿಯಲ್ಲೇ ಬಂದು ನಿನ್ನನ್ನು ಎತ್ತಿಕೊಳ್ಳಲು ಹೋಗಿ ನಮ್ಮತ್ತೆಯ ಕೈಲಿ ಚೆನ್ನಾಗಿ ಬೈಸಿಕೊಂಡರು. ಬಡ್ತಿ ಕೊಟ್ಟು ಮೈಸೂರಿಗೆ ಹಾಕಿದಾಗ, ಕುರ್ಚಿ ಮೇಲೆ ಕೂತು ಸಹಿ ಹಾಕೋಕೆ ನಾನೇ ಆಗಬೇಕಾ ಎಂದು ಬಡ್ತಿಯನ್ನೇ ಬೇಡವೆಂದರು. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ. ಮೈಸೂರಿನ ದೇವರಾಜ ಅರಸು ರಸ್ತೆಯ ಸೀರೆ ಅಂಗಡಿ ನೆನಪಾದಾಗಲೆಲ್ಲ ಮತ್ತೆ ಏರುತ್ತದೆ.

ಅವರು ರಿಟೈರಾದ ಮೇಲೆ ಆಸ್ಪತ್ರೆಗೆ ಬಹಳ ಕಾಲ ಡಾಕ್ಟರೇ ಬರಲಿಲ್ಲ. ದನ, ಕುರಿ, ನಾಯಿ ಎಲ್ಲವೂ ನಮ್ಮ ಜಗಲಿಗೇ ಬರುತ್ತಿದ್ದವು. ಕೊನೆಗೆ ಕಲಬುರಗಿ ಕಡೆಯ ಕಿರಣ್‌ಕುಮಾರ್ ಬಂದ. ಒಳ್ಳೆಯ ಹುಡುಗ, ಕೈ ಚೆನ್ನಾಗಿದೆ ಎಂದು ನಿಮ್ಮಪ್ಪನೇ ಮೊದಲ ವಾರದಲ್ಲಿ ಹೇಳಿದರು. ಆದರೆ ನಮ್ಮ ಜನ ಬಿಡಬೇಕಲ್ಲ! ಆಸ್ಪತ್ರೆಗೆ ಹೋಗಿ ಅವನ ಕೈಲಿ ತೋರಿಸಿ, ಔಷಧಿಯನ್ನೂ ಇಸಕೊಂಡು, ಅಲ್ಲಿಂದ ನೆಟ್ಟಗೆ ನಮ್ಮನೆಗೆ ಬಂದು, "ಆ ಉಡುಗ ಇದ್ನ ಕುಡ್ಸು ಅಂದವ್ನೆ, ಕುಡುಸ್ಲಾ ಸಾ?" ಎಂದು ಕೇಳುವುದು. ಇವರು ಹೂಂ ಅಂದ ಮೇಲೇ ಹಸುವಿನ ಬಾಯಿಗೆ ಔಷಧಿ. ಇನ್ನು ಹಸು ಈಯಲು ಕಷ್ಟಪಡುತ್ತಿದೆ ಅಂದರಂತೂ ಅವನನ್ನು ಒಬ್ಬರೂ ಕರೆಯುತ್ತಿರಲಿಲ್ಲ.

ಶ್ರಾವಣ ಬರುವ ಹೊತ್ತಿಗೆ ಹುಡುಗ ಸೋತುಹೋದ. ಒಂದು ದಿನ ಬಂದು ನಮ್ಮ ಜಗಲಿಯ ಮೇಲೆ ಕೂತು, "ಇಲ್ಲಿ ನಾ ಯಾಕ ಇರಬೇಕ್ರಿ ಸರ್, ಜನಕ್ಕ ನೀವೇ ಬೇಕು. ನಾ ವರ್ಗಾ ಕೇಳತೀನಿ" ಅಂದ. ಅವತ್ತು ನಿಮ್ಮಪ್ಪ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಇವನೂ ಹೋದರೆ ಆಸ್ಪತ್ರೆಗೆ ಮತ್ತೆ ಬೀಗ, ನನಗೂ ವಯಸ್ಸಾಯಿತು, ನಾಳೆ ಈ ಹಳ್ಳಿಗಳ ದನಗಳಿಗೆ ಯಾರು ಗತಿ ಎಂದು ನನ್ನನ್ನು ಕೇಳಿದರು. ಮೊದಲು ಮುದ್ದೆ ಮುರೀರಿ ಅಂದೆ.

ಅದಾದ ಕೆಲವೇ ದಿನಕ್ಕೆ ವೀರನಹೊಸಹಳ್ಳಿಯ ಚಲುವಯ್ಯನ ಮನೆಯಿಂದ ಬೆಳಿಗ್ಗೆ ಫೋನ್ ಬಂತು. ಅವರ ಮನೆಗೆ ಅದೊಂದೇ ಹಸು. ಕರುವಿನ ತಲೆ ಹಿಂದಕ್ಕೆ ಹೊರಳಿಕೊಂಡು ಹೊರಗೆ ಬರಲಾರದೆ ಒದ್ದಾಡುತ್ತಿತ್ತು. ನಿಮ್ಮಪ್ಪ ಹೊರಡುವಾಗ ಕಿರಣನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡರು.

ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಚಲುವಯ್ಯನ ಹೆಂಡತಿ ಕುಳ್ಳಮ್ಮ. ಅವಳು ನಿಮ್ಮಪ್ಪನ ಕೈಗೆ ಬಿಸಿನೀರು ಹುಯ್ದು, ಹರಳೆಣ್ಣೆ ಹಚ್ಚಿದಳಂತೆ. ನಿಮ್ಮಪ್ಪ ಒಳಗೆ ಕೈಯಾಡಿಸಿ ನೋಡಿ, ಆಚೆ ತೆಗೆದು, ಕೊಟ್ಟಿಗೆ ತುಂಬಾ ಜನ ನಿಂತಿರುವಾಗಲೇ, "ನನ್ನ ಕೈಲಿ ಆಗಲ್ಲ ಕಣಮ್ಮ. ನನ್ನ ಕೈಲಿ ಬಲ ಇಲ್ಲ. ಇನ್ಮೇಲೆ ಈ ಡಾಕ್ಟ್ರೇ ನಿಮಗೆ" ಅಂದರಂತೆ. "ನಮ್ಮ ಯಜಮಾನ್ರು ಅಂಗೇ ಗ್ವಾಡೆ ಇಡ್ಕೊಂಡ್ಬುಟ್ರು ಕಣವ್ವ" ಎಂದಳು ಕುಳ್ಳಮ್ಮ.

ಆಮೇಲೆ ಕಿರಣ ಕೈ ಹಾಕಿದ. ನಿಮ್ಮಪ್ಪ ಪಕ್ಕದಲ್ಲಿ ನಿಂತು ಹಾಗೆ ಮಾಡು, ಹೀಗೆ ಎಳಿ ಎಂದು ಹೇಳಲಿಲ್ಲ. ಹೊರಗೆ ಬಂದು ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಕಡೆ ಮುಖ ಮಾಡಿ ಕೂತುಬಿಟ್ಟರಂತೆ. ಹೇಳಿಕೊಟ್ಟಿದ್ದರೆ ಜನ ಅದನ್ನೂ ಇವರ ಲೆಕ್ಕಕ್ಕೇ ಬರೆಯುತ್ತಿದ್ದರು. ಹುಡುಗ ಬೆವರು ಹರಿಸಿ, ಕೊಟ್ಟಿಗೆಯ ನೆಲದ ಮೇಲೆ ಮಗ್ಗುಲಾಗಿ ಮಲಗಿ, ಕರುವಿನ ತಲೆ ತಿರುಗಿಸಿ ಎಳೆದ. ಹೆಣ್ಣುಗರು. ತಾಯಿ ಎದ್ದು ಅದನ್ನು ನೆಕ್ಕಲು ಶುರುಮಾಡಿದಾಗ ಕುಳ್ಳಮ್ಮ ಹಸುವಿಗೂ ಕೈ ಮುಗಿದಳಂತೆ, ಕಿರಣನಿಗೂ ಮುಗಿದಳಂತೆ.

ನನಗೆ ಇದೆಲ್ಲ ತಿಳಿಯುವ ಮೊದಲೇ ಊರಿಗೆ ತಿಳಿದಿತ್ತು. ಹೂ ಮಾರುವ ಚಿಕ್ಕಸಿದ್ದಮ್ಮ ಒಂದು ಮೊಳ ಹೆಚ್ಚಿಗೆ ಅಳೆದು, "ಎಂಥಾ ಕೈ ಕಣವ್ವ ಅದು, ಇಂಗಾಗ್‌ಬಾರ್ದಿತ್ತು ಬುಡು" ಅಂದಳು. ನನಗೆ ಎಲ್ಲಿತ್ತೋ ಕೋಪ, ಹೂವನ್ನು ಅವಳ ಬುಟ್ಟಿಗೇ ಹಾಕಿ ದುಡುದುಡು ಮನೆಗೆ ಬಂದೆ. ನಿಮ್ಮಪ್ಪ ಆರಾಮಾಗಿ ಕಡಲೆಕಾಯಿ ತಿನ್ನುತ್ತಿದ್ದರು. ಕೇಳಿದರೆ ನಗುತ್ತಾ, "ಕೂತ್ಕೊಳೇ, ನನ್ನ ಕೈಗೆ ಏನೂ ಆಗಿಲ್ಲ. ನಾಟಕ ಆಡ್ದೆ ಅಷ್ಟೇ" ಅಂದರು. ಜೀವಮಾನವೆಲ್ಲ ದುಡಿದು ಗಳಿಸಿದ ಹೆಸರನ್ನು ತಿಪ್ಪೆಗೆ ಎಸೆದು ಬಂದಿರಲ್ಲ ಎಂದು ಕೂಗಾಡಿದೆ. "ಎಸೀಲಿಲ್ಲ ಕಣೆ, ಆ ಹುಡುಗನಿಗೆ ಕೊಟ್ಟೆ" ಅಂದರು. ಅಂಥ ಗಂಡಸಿನ ಹತ್ತಿರ ಜಗಳ ಆಡುವುದಾದರೂ ಹೇಗೆ ಹೇಳು.

ನಿಜ ಹೇಳುತ್ತೇನೆ, ಆಗಲೂ ನನಗೆ ಸಮಾಧಾನವಾಗಲಿಲ್ಲ. ಯಾರ ಕೈಯಿಂದ ಕರು ಹೊರಗೆ ಬಂತೋ ಅವರ ಮನೆಗೆ ಗಿಣ್ಣುಹಾಲು ಕಳಿಸುವುದು ನಮ್ಮ ಕಡೆಯ ಪದ್ಧತಿ. ಗಿಣ್ಣು ಬೇಯಿಸಿ ಬೇಯಿಸಿ ನಮ್ಮನೆಯ ಪಾತ್ರೆಗಳೆಲ್ಲ ಏಲಕ್ಕಿ ವಾಸನೆ ಬರುತ್ತಿದ್ದದ್ದು ನಿನಗೇ ನೆನಪಿರಬೇಕು. ಮಾರನೆಯ ದಿನ ಚಲುವಯ್ಯ ಹಾಲಿನ ಕ್ಯಾನು ಹಿಡಿದು ನಮ್ಮ ಗೇಟಿನ ಮುಂದೆಯೇ ಹಾದು, ನಮ್ಮನೆ ಕಡೆ ತಿರುಗಿಯೂ ನೋಡದೆ ಕಿರಣನ ಬಾಡಿಗೆ ಮನೆ ಕಡೆ ಹೋದ. ನೋಡಿದರೆ ನನಗೆ ಬೇಜಾರಾದೀತೆಂದು ಅವನಿಗೇ ಸಂಕೋಚ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಹೊಟ್ಟೆಕಿಚ್ಚು ಅನ್ನು ಬೇಕಾದರೆ.

ಸ್ವಲ್ಪ ಹೊತ್ತಿಗೇ ಕಿರಣ ಅದೇ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದ. "ಅಮ್ಮಾ, ನಮ್ಮ ಕಡೀನೂ ಗಿಣ್ಣ ಮಾಡ್ತಾರ್ರಿ, ಆದ್ರ ನನಗ ಬರೂದಿಲ್ಲ" ಅಂದ. ಬೆಲ್ಲ ಕರಗಿಸಿ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿಕೊಟ್ಟೆ. ಇಬ್ಬರು ಡಾಕ್ಟರೂ ಎದುರುಬದುರು ಕೂತು ನನಗೊಂದು ಚೂರು ಉಳಿಸದೆ ತಿಂದರು. ಅವತ್ತಿನಿಂದ ಯಾವ ಹಳ್ಳಿಯ ಗಿಣ್ಣುಹಾಲಾದರೂ ಅವನ ಮನೆಗೆ ಹೋಗಿ, ಅಲ್ಲಿಂದ ನನ್ನ ಒಲೆಗೆ ಬರುತ್ತಿದೆ. ನನಗೆ ಅಷ್ಟು ಸಾಕು.

ಹುಡುಗ ವರ್ಗದ ಮಾತು ಬಿಟ್ಟಿದ್ದಾನೆ. ಅವನ ತಾಯಿಯೂ ಇಲ್ಲಿಗೇ ಬರುತ್ತಾರಂತೆ, ನಮ್ಮ ಬೀದಿಯಲ್ಲೇ ಮನೆ ನೋಡುತ್ತಿದ್ದೇನೆ. ನಿಮ್ಮಪ್ಪ ಹೊಟ್ಟೆ ತುಂಬಾ ಊಟ ಮಾಡುತ್ತಾರೆ, ಮಧ್ಯಾಹ್ನ ಗೊರಕೆ ಹೊಡೆಯುತ್ತಾರೆ. ಜಗಲಿಗೆ ಜನ ಈಗಲೂ ಬರುತ್ತಾರೆ, ಬರೀ ಹರಟೆಗೆ. ಇಷ್ಟು ನೆಮ್ಮದಿಯಾಗಿ ನಾನು ಅವರನ್ನು ಯಾವತ್ತೂ ನೋಡಿರಲಿಲ್ಲ. ನನಗೂ ಸಂತೋಷವಾಗಿದೆ ಕಣೆ.

ಆದ್ದರಿಂದ ಮಿರ್ಲೆಯಲ್ಲಿ ಯಾರು ಏನೇ ಅಂದರೂ ಅಲ್ಲಗಳೆಯಬೇಡ. ಹೌದು, ಕೈಲಾಗುವುದಿಲ್ಲವಂತೆ, ಈಗ ಹೊಸ ಡಾಕ್ಟರೇ ಎಲ್ಲ ಎಂದುಬಿಡು. ಪುಟ್ಟಿಗೆ ಮುತ್ತು, ಬೀಗರಿಬ್ಬರಿಗೂ ನನ್ನ ನಮಸ್ಕಾರ ತಿಳಿಸು.

ಎಂದೆಂದೂ ನಿನ್ನವಳೇ ಆದ
ಅಮ್ಮ
ಲಕ್ಷ್ಮಿದೇವಿ

ಮರೆತಿದ್ದಲ್ಲ, ಬರೆಯಲೋ ಬೇಡವೋ ಎಂದುಕೊಂಡು ಬಿಟ್ಟಿದ್ದು: ಕುಳ್ಳಮ್ಮ ಇನ್ನೊಂದು ಮಾತು ಹೇಳಿದ್ದಳು. ನಿಮ್ಮಪ್ಪ ಅಂದು ಸುಮ್ಮನೆ ನೋಡಿ ಕೈ ತೆಗೆಯಲಿಲ್ಲವಂತೆ. ಬಲಗೈ ಸೋತಾಗ ಎಡಗೈ, ಮತ್ತೆ ಬಲಗೈ ಎಂದು ತುಂಬಾ ಹೊತ್ತು ಹೆಣಗಾಡಿದರಂತೆ, ಕಣ್ಣಲ್ಲಿ ನೀರಿತ್ತಂತೆ. ನಾಟಕ ಆಡುವವರು ಅಷ್ಟು ಕಷ್ಟಪಡುತ್ತಾರಾ? ಅವರ ಕೈ ನಡುಗುತ್ತದೆ ಸುಕನ್ಯಾ, ಯುಗಾದಿಯಿಂದ ನೋಡುತ್ತಿದ್ದೇನೆ. ನಾಟಕ ಆಡಿದ್ದು ವೀರನಹೊಸಹಳ್ಳಿಯಲ್ಲಲ್ಲ, ಮನೆಗೆ ಬಂದು ನನ್ನ ಮುಂದೆ. ನಾನೂ ನಂಬಿದವಳಂತೆ ಕೂಗಾಡಿದೆ. ದಸರಾ ರಜೆಗೆ ನೀನು ಬಂದಾಗ, ನನ್ನ ಮಂಡಿ ತೋರಿಸಬೇಕೆಂದು ನೆಪ ಹೇಳಿ ಮೈಸೂರಿಗೆ ಹೊರಡಿಸೋಣ, ಅಲ್ಲಿ ಅವರ ಕೈಯನ್ನೂ ತೋರಿಸಿದರಾಯಿತು. ಅಲ್ಲಿಯವರೆಗೆ ನಾನು ಕಾಫಿ ಲೋಟವನ್ನು ಅರ್ಧಕ್ಕೇ ತುಂಬಿಸಿ ಕೊಡುತ್ತಿದ್ದೇನೆ. ಯಾಕೆ ಅರ್ಧ ಎಂದು ಅವರು ಇದುವರೆಗೂ ಕೇಳಿಲ್ಲ.