ವಿಭೂತಿ ಹಚ್ಚಿದ ಫೆಬ್ರವರಿ

ಜನವರಿ 22, 1991. ಮಂಗಳವಾರ

ಏಳಕ್ಕೆ ಅಂಗಡಿ ಬಾಗಿಲು ತೆಗೆದೆ. ಹಾಲು, ಬ್ರೆಡ್, ಪೇಪರು ಒಳಗೆ. ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಹ್ಯಾಮ್ ಕತ್ತರಿಸುವ ಮಿಷನ್ ಒರೆಸಿಟ್ಟೆ. ವಾರೆನ್‌ನ ಮೋಟಾರು ಕಂಪನಿಯಲ್ಲಿ ಕೂತು ಕಾರಿನ ಬಾಗಿಲು ಡಿಸೈನ್ ಮಾಡುತ್ತಿದ್ದವನು, ಲೇಆಫ್ ಆದ ಮೇಲೆ ನೈನ್ ಮೈಲ್ ರೋಡಿನ ಪಾರ್ಟಿ ಸ್ಟೋರಿನಲ್ಲಿ ಬಿಯರು, ಲಾಟರಿ, ಹಂದಿಮಾಂಸ ಮಾರುತ್ತಿದ್ದೇನೆ. ಅಪ್ಪ ನೋಡಲಿಕ್ಕೆ ಇಲ್ಲ. ಹೀಗೆ ಬರೆಯಬಾರದು, ಆದರೂ ಸದ್ಯ.

ಹಿಕ್ಮತ್ ಒಳ್ಳೆಯ ಯಜಮಾನ. ಇರಾಕಿನವನು, ಕ್ರಿಶ್ಚಿಯನ್. ಅವನ ತಾಯಿ ದಿನವಿಡೀ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಾರೆ. ಎದುರಿಗೆ ಅಮ್ಮಾ ಎನ್ನುತ್ತೇನೆ, ಇಲ್ಲಿ ಬರೆಯುವಾಗ ಅಜ್ಜಿ. ಅವರ ಕಿರಿಯ ಮಗ ಬೆಹ್ನಾಮ್ ಇರಾಕಿನಲ್ಲೇ ಉಳಿದ. ಎಳೆದುಕೊಂಡು ಹೋಗಿ ಸೈನ್ಯಕ್ಕೆ ಹಾಕಿದ್ದಾರೆ, ಕುವೈತ್‌ನಲ್ಲಿದ್ದಾನೆ. ಬಾಂಬ್ ಬೀಳಲು ಶುರುವಾದ ಮೇಲೆ ಫೋನಿಲ್ಲ, ಕಾಗದವಿಲ್ಲ.

ಸಂಜೆ ಪಾರ್ಕಿಂಗ್ ಲಾಟ್‌ನಲ್ಲಿ ಒಂದು ಪಿಕಪ್ ಟ್ರಕ್. ಇಬ್ಬರು ಹುಡುಗರು. "ಗೋ ಹೋಮ್, ಇರಾಕಿ!" ತುಂಬಿದ ಕೋಕ್ ಕ್ಯಾನು ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ನಾನು ಕಿರುಚಿದೆ — "ನಾಟ್ ಮೀ! ಐ ಆಮ್ ಇಂಡಿಯನ್!" ಹಾಗೆನ್ನುತ್ತಾ ಅಂಗಡಿಯ ಕಡೆ ಬೆರಳು ತೋರಿಸಿದೆ. ಹೌದು, ತೋರಿಸಿದೆ. ಒಳಗೆ ಹಿಕ್ಮತ್ ಒಬ್ಬನೇ ನೆಲ ಗುಡಿಸುತ್ತಿದ್ದ.

ಜನವರಿ 24

ಶಿಕಾಗೋದಿಂದ ಪ್ರಕಾಶನ ಫೋನ್. ಕಾಲೇಜಿನ ಗೆಳೆಯ, ಬಾಯಿ ದೊಡ್ಡದು. "ಲೇ ಶಿವರಾಮು, ಕಾರಿಗೊಂದು ಫ್ಲ್ಯಾಗ್ ಸಿಗಿಸ್ಕೊಳೋ. ಮೊನ್ನೆ ಲೆಮಾಂಟ್ ದೇವಸ್ಥಾನಕ್ಕೆ ಹೋಗಿದ್ವಿ, ಪಾರ್ಕಿಂಗ್ ಲಾಟ್ ತುಂಬಾ ಫ್ಲ್ಯಾಗೇ. ನಾವ್ಯಾರು ಅವರ್ಯಾರು ಅಂತ ಇವರಿಗೆ ಹೇಗೋ ಗೊತ್ತಾಗ್ಬೇಕು?"

ಕಾರಿಗೇನೋ ಸರಿ. ಮುಖಕ್ಕೆ ಏನು ಸಿಗಿಸಿಕೊಳ್ಳಲಿ?

ಜನವರಿ 25

ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ವಿಭೂತಿ ಹಚ್ಚಿಕೊಂಡೆ. ಮೂರು ಬೆರಳು, ಹಣೆ ತುಂಬ. ಈ ದೇಶದಲ್ಲಿ ಮೊದಲ ಇಂಟರ್‌ವ್ಯೂಗೆ ಹೋಗುವಾಗ ಒರೆಸಿಕೊಂಡದ್ದು, ಆಮೇಲೆ ಮುಟ್ಟಿರಲಿಲ್ಲ. ಇವತ್ತೂ ದೇವರೇನೂ ನೆನಪಾಗಲಿಲ್ಲ. ಕೋಕ್ ಕ್ಯಾನು ನೆನಪಾಯಿತು.

ಮಗಳು ಸುಚೇತಾ ನೋಡಿದಳು. "ಡ್ಯಾಡ್, ಯು ಹ್ಯಾವ್ ಚಾಕ್ ಆನ್ ಯುವರ್ ಹೆಡ್." ಹನ್ನೆರಡು ವರ್ಷದವಳು, ಅಪ್ಪನ ಹಣೆಯಲ್ಲಿ ವಿಭೂತಿ ಕಂಡೇ ಇಲ್ಲ. ಅಂಬುಜಾಗೆ ಮಾತ್ರ ಕಣ್ಣಲ್ಲಿ ನೀರು. "ಈಗಲಾದ್ರೂ ನಿಮಗೆ ಬುದ್ಧಿ ಬಂತಲ್ಲಾ ರೀ. ಅಮ್ಮನಿಗೆ ಬರೀತೀನಿ, ಎಷ್ಟು ಸಂತೋಷ ಪಡ್ತಾರೋ."

ಕಾಫಿ ಕುಡಿದು ಹೊರಟೆ.

ಜನವರಿ 30

ವಿಭೂತಿ ಕೆಲಸ ಮಾಡಿತು! ಗಿರಾಕಿಗಳು ಹಣೆ ನೋಡುತ್ತಾರೆ, "ಹಿಂದೂ?" ಎನ್ನುತ್ತಾರೆ. ನಾನು ಹಲ್ಲು ಗಿಂಜುತ್ತೇನೆ. "ಯೆಸ್ ಸರ್, ಹಿಂದೂ."

ಹಿಕ್ಮತ್ ಕೇಳಿದ, ಇದೇನು, ವ್ರತವೋ? ಹೂಂ ಎಂದೆ. ಅಷ್ಟೇ ಸಾಕಾಯಿತು ಆ ಮನುಷ್ಯನಿಗೆ. ನನ್ನ ಕೈಯಿಂದ ಹ್ಯಾಮಿನ ತಟ್ಟೆ ಕಿತ್ತುಕೊಂಡ. "ಇನ್ನು ಮೇಲೆ ನೀನು ಮಾಂಸ ಮುಟ್ಟಬೇಡ ಶಿವ್, ಅದು ನನಗಿರಲಿ." ಮಧ್ಯಾಹ್ನ ಅಜ್ಜಿ ಬೇರೆ ಪಾತ್ರೆಯಲ್ಲಿ, ಮಾಂಸ ಹಾಕದೆ, ನನಗೆಂದೇ ಎಲೆಸುತ್ತು ಮಾಡಿ ತಂದುಕೊಟ್ಟರು. ಒಂದನ್ನೂ ಬಿಡದೆ ತಿಂದು ಪಾತ್ರೆ ತೊಳೆದಿಟ್ಟೆ.

ಫೆಬ್ರವರಿ 4

ಅಜ್ಜಿ ಕರೆದು ಎದುರಿಗೆ ಕೂರಿಸಿಕೊಂಡರು. ಅವರ ಇಂಗ್ಲಿಷು ನಾಲ್ಕೈದು ಪದ. "ಯು ಪ್ರೇ. ಮೈ ಬೆಹ್ನಾಮ್. ಯು ಪ್ರೇ, ಯೆಸ್?" ಹಣೆ ಮುಟ್ಟಿ ತೋರಿಸಿದರು. ಅವರ ಚರ್ಚಿನ ಪಾದ್ರಿಗೂ ಹೇಳಿದ್ದಾರಂತೆ, ಆದರೂ ಬೇರೆ ಬಾಗಿಲನ್ನೂ ತಟ್ಟಬೇಕಂತೆ. ಹಿಕ್ಮತ್ ಹೀಗೆ ವಿವರಿಸಿ, ಬೇಸರ ಮಾಡಿಕೊಳ್ಳಬೇಡ ಎಂದ.

"ಯೆಸ್, ಅಮ್ಮಾ. ಎವ್ರಿ ಡೇ," ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ. ಥೂ.

ಫೆಬ್ರವರಿ 12. ಶಿವರಾತ್ರಿ

ದಿನಾ ಬೆಳಿಗ್ಗೆ ಕೇಳುತ್ತಾರೆ — "ಪ್ರೇ?" ದಿನಾ ತಲೆಯಾಡಿಸುತ್ತೇನೆ.

ಇವತ್ತು ನಿಜವಾಗಿ ಬೇಡಿಕೊಳ್ಳೋಣ ಎಂದಿದ್ದೆ. ಅಂಬುಜಾ ರಜೆ ಹಾಕಿ ಪೂಜೆಗೆ ಅಣಿ ಮಾಡಿದ್ದಳು. ಆರತಿ ಹೊತ್ತಿಗೆ ಕೈ ಮುಗಿದು ನಿಂತೆ. ಬೆಹ್ನಾಮ್ ಎಂದು ಒಂದು ಹೆಸರು ಹೇಳಬೇಕು, ಅಷ್ಟೇ. ಆಗಲಿಲ್ಲ. ಏಪ್ರಿಲ್‌ನಲ್ಲಿ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇದೆ, ಇಲ್ಲಿನ ಸೈನಿಕರು ಕ್ಷೇಮವಾಗಿ ಬರಲೆಂದು ಎಲ್ಲರ ಹಾಗೆ ಬಾಗಿಲಿಗೆ ಹಳದಿ ರಿಬ್ಬನ್ ಕಟ್ಟಿದ್ದೇನೆ, ಒಳಗೆ ನಿಂತು ಆ ಕಡೆಯ ಸೈನಿಕನಿಗೆ ಆಯಸ್ಸು ಬೇಡುವುದೇ — ಇದು ತಲೆಗೆ ಬಂತು. ಮಹಾ ದೇಶಭಕ್ತ! ದೇವರು ಹೋಗಿ ಇಮಿಗ್ರೇಷನ್ ಆಫೀಸಿನಲ್ಲಿ ಚಾಡಿ ಹೇಳುತ್ತಾನೆಯೇ? ಒಂದು ಹೆಸರು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಫೆಬ್ರವರಿ 13

ಕ್ರಿಶ್ಚಿಯನ್ನರ ಬೂದಿ ಬುಧವಾರವಂತೆ. ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಹಣೆಯಲ್ಲಿ ಬೂದಿ. ಒಬ್ಬ ಮುದುಕಿ ನನ್ನ ಹಣೆ ನೋಡಿ, ನಮ್ಮವನೇ ಎಂದುಕೊಂಡು ಕೈ ಹಿಡಿದು "ಗಾಡ್ ಬ್ಲೆಸ್ ಯು" ಎಂದಳು. ತಿದ್ದಲಿಲ್ಲ. ಲಾಭವೇ ತಾನೆ.

ಟೀವಿಯಲ್ಲಿ ಬಾಗ್ದಾದ್. ನೆಲದೊಳಗೆ ಅಡಗಿದ್ದ ಹೆಂಗಸರು, ಮಕ್ಕಳ ಮೇಲೇ ಬಾಂಬು ಬಿದ್ದಿದೆ. ಹಿಕ್ಮತ್ ಎದ್ದು ಆಫ್ ಮಾಡಿದ. ಅಜ್ಜಿ ನೋಡಬಾರದೆಂದು.

ಫೆಬ್ರವರಿ 25. ಸಂಜೆ

ಇರಾಕಿನವರು ಕುವೈತ್ ಬಿಟ್ಟು ಹೊರಟರಂತೆ! ಬಾಗ್ದಾದ್ ರೇಡಿಯೋದಲ್ಲೇ ಹೇಳಿದ್ದಾರೆ. ಹಿಕ್ಮತ್ ಓಡಿಹೋಗಿ ತಾಯಿಗೆ ಹೇಳಿದ. ಅಜ್ಜಿ ನಾಲಿಗೆ ಆಡಿಸಿ ಮದುವೆಮನೆಯ ಕೂಗು ಹಾಕಿದರು. ಬೆಹ್ನಾಮ್ ಇಷ್ಟು ಹೊತ್ತಿಗೆ ಟ್ರಕ್ ಹತ್ತಿರುತ್ತಾನೆ, ಬಸ್ರಾ ದಾಟಿದರೆ ಮನೆ ಸೇರಿದ ಹಾಗೆ. ಅಜ್ಜಿ ಬಂದು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟರು. "ಯು! ಯುವರ್ ಪ್ರೇ!" ತುಟಿಗೆ ವಿಭೂತಿ ಅಂಟಿತು. ಒರೆಸಿಕೊಳ್ಳಲಿಲ್ಲ ಅವರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಫೆಬ್ರವರಿ 27

ಬರೆಯಲೇಬೇಕು.

ಹಿಕ್ಮತ್ ಬ್ಯಾಂಕಿಗೆ ಹೋಗಿದ್ದ. ರಾನ್ ಬಂದ, ದಿನಾ ಬರುವ ಟ್ರಕ್ ಡ್ರೈವರ್. ಒಳ್ಳೆಯವನೇ. ಟೀವಿಯಲ್ಲಿ ವಿಮಾನದಿಂದ ತೆಗೆದ ಚಿತ್ರ. ಬೂದು ಬಣ್ಣದ ರಸ್ತೆ, ಮೇಲೆ ಸಣ್ಣ ಸಣ್ಣ ಚೌಕಗಳು, ಒಂದೊಂದೇ ಬೆಳ್ಳಗಾಗಿ ಇಲ್ಲವಾಗುತ್ತವೆ. ಕುವೈತ್‌ನಿಂದ ಬಸ್ರಾದ ಕಡೆಗೆ ಓಡುತ್ತಿರುವ ಸೈನ್ಯ. ಟ್ರಕ್ಕು, ಬಸ್ಸು, ಕಾರು, ಸಿಕ್ಕಿದ್ದೆಲ್ಲ. ಈ ದೇಶದ ಪೈಲಟ್‌ಗಳು ಮುಂದಿನದನ್ನೂ ಹಿಂದಿನದನ್ನೂ ಹೊಡೆದು ಮಧ್ಯದವರನ್ನು ನಿಲ್ಲಿಸಿಕೊಂಡಿದ್ದಾರೆ. ಓಡಿಹೋಗುವವರ ಮೇಲೆ ಬಾಂಬು.

"ಲುಕ್ ಅಟ್ ದೆಮ್ ರನ್!" ಎಂದ ರಾನ್. ಆಮೇಲೆ ನನ್ನ ಕಡೆ ತಿರುಗಿ — ಬರೀ ತಮಾಷೆಗೆ — "ಅವರು ನಿನ್ನ ಜನ ಅಲ್ಲ ತಾನೆ, ಶಿವ್?"

ಅಲ್ಲ ಎಂದರೆ ಸಾಕಿತ್ತು. ನಾನು ಹೇಳಿದ್ದು, "ಹೆಲ್ ನೋ. ಗೆಟ್ ದೆಮ್ ಆಲ್." ಒಬ್ಬರನ್ನೂ ಬಿಡಬೇಡಿ! ಜೋರಾಗಿ, ನಗುತ್ತಾ. ರಾನ್ ಕೈ ಎತ್ತಿದ, ನಾನೂ ಎತ್ತಿ ಅವನ ಅಂಗೈಗೆ ಬಡಿದೆ.

ತಿರುಗಿದರೆ ಹಿಂದೆ ಅಜ್ಜಿ. ಕೈಯಲ್ಲಿ ಚಹಾದ ತಟ್ಟೆ. ನಮ್ಮ ನಗು ಕೇಳಿ ಅವರೂ ನಗುತ್ತಿದ್ದರು. "ವಾಟ್ ಹಿ ಸೇ?"

"ವಾರ್ ಫಿನಿಶ್, ಅಮ್ಮಾ," ಎಂದೆ.

ತಟ್ಟೆ ಇಟ್ಟು ರಾನ್‌ನ ಕೈಯನ್ನು ಕಣ್ಣಿಗೊತ್ತಿಕೊಂಡು ಮುತ್ತು ಕೊಟ್ಟರು. ಅವನು ಕೆಂಪಾಗಿ ಹೋದ. "ನೈಸ್ ಲೇಡಿ," ಎಂದು ಹೊರಟ. ಟೀವಿಯಲ್ಲಿ ಇನ್ನೂ ಚೌಕಗಳು ಬೆಳ್ಳಗಾಗುತ್ತಲೇ ಇದ್ದವು. ಅದು ರಸ್ತೆ ಎಂದು ಅವರಿಗೆ ಗೊತ್ತಾಗಲಿಲ್ಲ.

ಮಾರ್ಚ್ 9

ಬರೆಯುವುದಕ್ಕೆ ಮುಖವಿರಲಿಲ್ಲ.

ಹಿಕ್ಮತ್‌ಗೆ ಗಡಿಯಾಚೆಯ ಅಮ್ಮಾನ್ ಪಟ್ಟಣದಿಂದ ನೆಂಟರ ಫೋನ್ ಬಂತು. ಬೆಹ್ನಾಮ್ ಜೊತೆಗಿದ್ದ ಅವನ ಊರಿನ ಇಬ್ಬರು ನಡೆದುಕೊಂಡೇ ವಾಪಸ್ ಬಂದಿದ್ದಾರೆ. ಅವನು ಹಿಂದಿನ ಟ್ರಕ್‌ನಲ್ಲಿದ್ದ. ಆ ಟ್ರಕ್ ಹೊತ್ತಿ ಉರಿದದ್ದನ್ನು ಕಂಡಿದ್ದಾರೆ. ಇಳಿದದ್ದನ್ನು ಯಾರೂ ಕಂಡಿಲ್ಲ.

ಅಜ್ಜಿ ಅಳಲಿಲ್ಲ. ಎಲೆ ಸುತ್ತುತ್ತಲೇ ಇದ್ದಾರೆ. ಎಲೆ ಮುಗಿದ ಮೇಲೂ ಕೈ ಹಾಗೇ ಆಡುತ್ತಿತ್ತು.

ಮಾರ್ಚ್ 11. ಸೋಮವಾರ

ಅಜ್ಜಿ ಕರೆದರು. ಅವರ ಭಾಷೆಯಲ್ಲೇ ಮಾತಾಡಿದರು, ಹಿಕ್ಮತ್ ಇಂಗ್ಲಿಷ್‌ನಲ್ಲಿ ಹೇಳಿದ, ನನ್ನ ಮುಖ ನೋಡದೆ. "ನೀನು ಯಾವ ಮಾತಿನಲ್ಲಿ ಬೇಡಿಕೊಂಡೆ ಅಂತ ಕೇಳ್ತಿದ್ದಾಳೆ. ಯುದ್ಧ ಮುಗಿಯಲಿ ಅಂತ ಕೇಳಿಕೊಂಡೆಯೋ, ಮಗ ಬದುಕಲಿ ಅಂತಲೋ? ತಾನೇ ನಿನಗೆ ಸರಿಯಾಗಿ ಹೇಳಲಿಲ್ಲವೇನೋ, ತಪ್ಪು ತನ್ನದೇ ಏನೋ ಅಂತಾಳೆ."

ಹಿಕ್ಮತ್ ದನಿ ತಗ್ಗಿಸಿ ತನ್ನದೇ ಮಾತು ಸೇರಿಸಿದ. "ನನಗೆ ಗೊತ್ತು ಶಿವ್. ಮೊದಲ ದಿನದಿಂದ ಗೊತ್ತು. ನಾನು ಕಿಟಕಿಗೆ ಫ್ಲ್ಯಾಗ್ ಅಂಟಿಸಿದೆ, ನೀನು ಹಣೆಗೆ ಅದನ್ನು ಹಚ್ಚಿಕೊಂಡೆ. ಸಿಟ್ಟಿಲ್ಲ. ಆದರೆ ಅವಳು ಕಾಯ್ತಿದ್ದಾಳೆ. ನಿನ್ನ ಭಾಷೆಯಲ್ಲಿ ಏನಾದರೂ ಹೇಳು."

ಹೇಳಿದೆ. ಯಾಕೆ ಅದೇ ಬಂತೋ.

"ಅಮ್ಮಾ, ನಿಮ್ಮ ಬೆಹ್ನಾಮನಿಗೋಸ್ಕರ ನಾನು ಏನೂ ಬೇಡ್ಕೊಂಡಿಲ್ಲ. ಒಂದು ದಿನಾನೂ ಇಲ್ಲ. ಈ ವಿಭೂತಿ ಭಕ್ತಿಗಲ್ಲ, ಹೆದರಿಕೆಗೆ. ಬೆಹ್ನಾಮ್ ಆ ರಸ್ತೇಲಿದ್ದಾಗ ನಾನು ಒಬ್ಬರನ್ನೂ ಬಿಡಬೇಡಿ ಅಂತ ನಕ್ಕೆ."

ಮಗನ ಹೆಸರು ಕೇಳಿದಾಗಲೆಲ್ಲ ಅಜ್ಜಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡರು. ಕೊನೆಗೆ "ಆಮೆನ್" ಎಂದರು. ಈಗ ಅತ್ತರು, ಮೊದಲ ಸಲ. ನನ್ನ ತೋಳು ಹಿಡಿದು, "ಟುಮಾರೋ. ಅಗೇನ್."

ನನಗೆ ಮನಸ್ಸು ಹಗುರಾಯಿತು! ಅದೇ ಅಸಹ್ಯ. ಯಾರಿಗೂ ಅರ್ಥವಾಗದ ಕಡೆ ನಿಜ ಹೇಳುವುದು ಎಂಥ ಸುಖದ ಕೆಲಸ.

ಮಾರ್ಚ್ 14

ದಿನಾ ಹೇಳಿಸುತ್ತಾರೆ. ಈಗ ನಿಧಾನವಾಗಿ, ಒಂದೊಂದೇ ಪದ. ನನ್ನ ಹಿಂದೆಯೇ ಅವರೂ ಹೇಳುತ್ತಾರೆ. ನಾನು ಅಂಗಡಿಯಲ್ಲಿಲ್ಲದಾಗ, ಭಾನುವಾರ, ತಾವೇ ಹೇಳಿಕೊಳ್ಳಬೇಕಂತೆ. ಬೇಡ ಅನ್ನಲು ಯಾವ ಬಾಯಿ?

ಮಾರ್ಚ್ 16. ಶನಿವಾರ. ಸಂಜೆ 7

ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಅಂಗಡಿಯಿಂದ ಫೋನ್ ಬಂದಿದೆ. ಅಜ್ಜಿಯದು. "ಯುವರ್ ಹಸ್ಬೆಂಡ್, ಪ್ರೇ, ಮೈ ಸನ್, ಎವ್ರಿ ಡೇ. ಗುಡ್ ಮ್ಯಾನ್." ಟ್ರಕ್ ಉರಿದ ಸುದ್ದಿಯನ್ನಷ್ಟೇ ಮನೆಯಲ್ಲಿ ಹೇಳಿದ್ದೆ. ಹೊರಗೆ ಬಂದರೆ ಅಂಬುಜಾ ಸೀರೆ ಉಟ್ಟು ಸಿದ್ಧ. ಕಣ್ಣು ಕೆಂಪು.

"ನನಗೆ ಒಂದು ಮಾತು ಹೇಳಲಿಲ್ವಲ್ಲಾ ರೀ ನೀವು. ಪರರ ಮಗನಿಗೋಸ್ಕರ ದಿನಾ ಬೇಡ್ಕೋತಿದ್ರಾ? ನಡೀರಿ, ನಾನೂ ಬರ್ತೀನಿ. ನಾಳೆ ಯುಗಾದಿ, ಹಬ್ಬಕ್ಕೆ ಮುಂಚೆ ಆ ತಾಯೀನ ನೋಡ್ಕೊಂಡು ಬರೋಣ."

"ಇನ್ನೊಂದು ದಿನ ಹೋದ್ರಾಯ್ತು."

"ಯಾಕೆ, ನಾನು ಬಂದ್ರೆ ನಿಮಗೇನು?"

ಸಾವಿನ ಮನೆಗೆ ಕೈಯಲ್ಲಿ ಏನೂ ಹಿಡಿದು ಹೋಗಬಾರದು, ಆದರೆ ಸತ್ತ ಅಂತ ಅವರೇ ಹೇಳಿಲ್ಲವಲ್ಲ — ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ. ಕೊನೆಗೆ ಬಾಳೆಹಣ್ಣು ಕಾರಿನಲ್ಲೇ ಬಿಟ್ಟು ಬರಿಗೈಲಿ ಬಂದಳು. ಕಾರಿನಲ್ಲಿ ಹೇಳಿಬಿಡಬಹುದಿತ್ತು. ನಾಲ್ಕು ಮೈಲು ಇತ್ತು ಸಮಯ. ಹೇಳಲಿಲ್ಲ.

ಅಜ್ಜಿ ಅಂಬುಜಾಳ ಎರಡೂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಹಿಕ್ಮತ್ ಬಾಗಿಲಲ್ಲಿ ನಿಂತಿದ್ದ. ನಾನು ಇವತ್ತು ಬೇರೆ ಮಾತು ಹೇಳೋಣ, ಯಾವುದಾದರೂ ಮಂತ್ರ ಗೊಣಗಿ ಮುಗಿಸೋಣ ಎಂದು ಲೆಕ್ಕ ಹಾಕುತ್ತಿದ್ದೆ. ಅಜ್ಜಿ ನನಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದರು. "ಐ ಸೇ. ಫಾರ್ ಯುವರ್ ವೈಫ್."

ಕಣ್ಣು ಮುಚ್ಚಿಕೊಂಡರು. ಶುರು ಮಾಡಿದರು. ಕನ್ನಡದಲ್ಲಿ. ತಡವರಿಸುತ್ತಾ, ಆದರೆ ಒಂದು ಪದವೂ ತಪ್ಪದೆ.

"ಅಮ್ಮಾ, ನಿಮ್ಮ ಬೆಹ್ನಾಮನಿಗೋಸ್ಕರ ನಾನು ಏನೂ ಬೇಡ್ಕೊಂಡಿಲ್ಲ..."

ಅಂಬುಜಾ ಮೊದಲು ಮುಗುಳ್ನಕ್ಕಳು, ಮುದುಕಿಯ ಬಾಯಲ್ಲಿ ಕನ್ನಡ ಕೇಳಿ. ಆಮೇಲೆ ನಗು ನಿಂತಿತು. ಅಜ್ಜಿ ಹೇಳುತ್ತಲೇ ಹೋದರು. ಒಂದು ದಿನಾನೂ ಇಲ್ಲ. ಹೆದರಿಕೆಗೆ. ರಸ್ತೇಲಿದ್ದಾಗ. ನಕ್ಕೆ. ನಾನು ನೆಲ ನೋಡುತ್ತಾ ನಿಂತಿದ್ದೆ, ನನ್ನ ಮಾತನ್ನೇ ಕೇಳುತ್ತಾ.

"ಆಮೆನ್," ಎಂದರು ಅಜ್ಜಿ.

ಅಂಬುಜಾ ಕೈ ಬಿಡಿಸಿಕೊಳ್ಳಲಿಲ್ಲ. "ಆಮೆನ್" ಎಂದಳು ಅವಳೂ. ಸೆರಗಿನಿಂದ ಅಜ್ಜಿಯ ಕಣ್ಣು ಒರೆಸಿದಳು. ಆಮೇಲೆ ಎದ್ದು ನನ್ನ ಮುಂದೆ ಬಂದು ನಿಂತು, ಅದೇ ಸೆರಗನ್ನು ನನ್ನ ಹಣೆಗೆ ಒತ್ತಿ ವಿಭೂತಿ ಒರೆಸಿ ತೆಗೆದಳು.