ಅವ್ವನ ಕೈಗುಣ

ಸಾಲಗುಂದ
12-2-2025, ಬುಧವಾರ

ಸುರೇಖಕ್ಕಾ,

ಚೆನ್ನಾಗಿದ್ದೀಯಾ ಅಂತ ಕೇಳುವ ಮುಖ ನನಗಿಲ್ಲ, ಕೇಳುವುದಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀ. ಅದಕ್ಕೇ ಬರೆದೆ. ಪಕ್ಕದ ಮನೆಯ ಗದ್ದೆಮ್ಮ ಲಿಂಗಸುಗೂರಿಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ನನ್ನ ಅಕ್ಷರ ನೋಡಿ ನಗಬೇಡ. ಅವ್ವನನ್ನು ಎದುರಿಗೆ ಕೂರಿಸಿಕೊಂಡು ಓದು.

ಅವ್ವ ನಿನಗೆ ಎಲ್ಲ ಬಿಡಿಸಿ ಹೇಳಿರುವುದಿಲ್ಲ. ನಾನೇ ಹೇಳುತ್ತೇನೆ.

ನಿನ್ನ ಮಗಳ ಮುಖ ನೋಡಬೇಕು ಅಂತ ಅವ್ವ ದಿನಾ ಗೋಳಾಡುತ್ತಿದ್ದಳು. ಅವಳ ಗುಂಡಿ ಫೋನಿನಲ್ಲಿ ಮುಖ ಎಲ್ಲಿ ಬರಬೇಕು? ಹೊಸದು ನಮ್ಮ ಕೈಗೆ ಎಟುಕುವುದಿಲ್ಲ. ಆನ್‌ಲೈನಿನಲ್ಲಿ ಒಬ್ಬ ರಿಫರ್ಬಿಶ್ಡ್ ಫೋನ್ ಮಾರುತ್ತಿದ್ದ. ಅಂದರೆ ಯಾರೋ ಬಳಸಿದ್ದನ್ನು ರಿಪೇರಿ ಮಾಡಿ, ಒರೆಸಿ, ಹೊಸ ಡಬ್ಬಿಗೆ ಹಾಕಿದ್ದು. ಅವನಿಗೆ ಎಷ್ಟು ಸ್ಟಾರ್ ಇದೆ, ಕೆಟ್ಟರೆ ವಾಪಸ್ ತಗೊಳ್ಳುತ್ತಾನಾ, ಎಲ್ಲ ನೋಡಿಯೇ ತರಿಸಿದೆ. ಸಿದ್ದರಾಮೇಶ ತಂದುಕೊಟ್ಟ. ನನ್ನ ಕೂಡ ಒಂಬತ್ತನೇ ಕ್ಲಾಸಿನಲ್ಲಿದ್ದವನು, ಈಗ ಬೈಕಿನ ಮೇಲೆ ಪಾರ್ಸಲ್ ಹಂಚುತ್ತಾನೆ. ಬಾಗಿಲಲ್ಲೇ ಡಬ್ಬಿ ಬಿಚ್ಚಿ, ಆನ್ ಮಾಡಿ, ಎಲ್ಲ ಸರಿ ಇದೆ ಅಂತ ನೋಡಿಕೊಂಡೇ ಓಟಿಪಿ ಹೇಳಿದೆ.

ಆಮೇಲೆ ಅವ್ವ. ಅವಳ ಕೈಗುಣ ನಿನಗೆ ಗೊತ್ತಲ್ಲ. ಓಣಿಗೆ ಟ್ರ್ಯಾಕ್ಟರ್ ಬರಲಿ, ಮಿಕ್ಸರ್ ಬರಲಿ, ಮೊದಲು "ಪೀರಮ್ಮನ್ನ ಕರೀರಿ" ಅನ್ನುತ್ತಾರೆ. ಫೋನನ್ನು ಮಣೆ ಮೇಲಿಟ್ಟಳು. ಅರಿಶಿಣ, ಕುಂಕುಮ ಹಚ್ಚಿದಳು. ಕಾಯಿ ಒಡೆದು ನೀರು ಚಿಮುಕಿಸಿದಳು. "ಹಳೇ ಮಾಲು ಬೇ, ಅದಕ್ಯಾಕ ಪೂಜಿ" ಅಂದೆ. "ಅವರಿಗೆ ಹಳೇದು. ನಮ್ಮನಿಗೆ ಇವತ್ತ ಬಂದೈತಿ, ಹೊಸಾದ" ಅಂದಳು.

ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ನಿಂತುಬಿಟ್ಟಿತು, ಮುಂದೆ ಹೋಗಲೇ ಇಲ್ಲ. ವಾಪಸ್ ತಗೋ ಅಂತ ಹಾಕಿದೆ. ಆಗಲ್ಲ ಅಂತ ಮೆಸೇಜ್ ಬಂತು. ನನ್ನ ತಲೆ ಕಾದುಹೋಯಿತು. ಕಟ್ಟೆಯ ಮೇಲೆ ಓಣಿಯೆಲ್ಲ ಕೂತಿತ್ತು. ಅವರೆದುರೇ ಫೋನ್ ಎತ್ತಿ ತೋರಿಸಿದೆ. "ಕಾಯಿ ನೀರು ಹಾಕಿ ಕೊಂದ್ಯಲ್ಲಬೇ. ನಿನ್ನ ಕೈ ಹತ್ತಿದ್ದು ಯಾವುದು ಉಳದೈತಿ" ಅಂದೆ.

ಅವ್ವ ಅಳಲಿಲ್ಲ. ಸೆರಗಿನಿಂದ ಫೋನ್ ಒರೆಸಿದಳು. "ಹೌದ್ರೆವ್ವಾ, ನಾನ ಕೆಡಿಸೀನಿ" ಅಂತ ಎಲ್ಲರಿಗೂ ಹೇಳಿದಳು. ಮರುದಿನ ಶಿವಲಿಂಗಮ್ಮ ಬಂದಳು, ಹೊಸ ಹಿಟ್ಟಿನ ಗಿರಣಿಗೆ ಕುಂಕುಮ ಹಚ್ಚು ಬಾ ಅಂತ. "ನನ್ನ ಕೈ ಬ್ಯಾಡಬೇ, ಬ್ಯಾರೇರನ್ನ ಕರಿ" ಅಂದು ಅವ್ವ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಳು. ಮಧ್ಯಾಹ್ನ ಮಸ್ಕಿ ಮೇಲೆ ಹೋಗುವ ಬಸ್ಸು ಹತ್ತಿ ನಿನ್ನ ಕಡೆ ಬಂದುಬಿಟ್ಟಳು.

ಆದದ್ದು ಆಯಿತು. ಗೊತ್ತಿಲ್ಲದೆ ಮಾಡಿದ್ದಾಳೆ, ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಮನೆಗೆ ಕಳಿಸು. ನಾನು ಬಡಿದ ರೊಟ್ಟಿಯನ್ನು ನಾಯಿಯೂ ಮೂಸುತ್ತಿಲ್ಲ.

ನಿನ್ನ ಮುಂಗೋಪಿ ತಮ್ಮ,
ಹುಲಿಗೇಶ

ತಾ.ಕ.: ಗದ್ದೆಮ್ಮನ ಬಸ್ಸು ಇನ್ನೂ ಬಂದಿಲ್ಲ. ಸ್ಟ್ಯಾಂಡಿನಲ್ಲಿ ನಿಂತು ಮೇಲಿನದನ್ನು ಇನ್ನೊಮ್ಮೆ ಓದಿದೆ. ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ ಅಂತ ಬರೆದ ಕೈಗೆ ಬೆಂಕಿ ಹಾಕಬೇಕು. ಅವಳನ್ನು ಕ್ಷಮಿಸಲು ನಾನ್ಯಾರು?

ಬಾಗಿಲಲ್ಲಿ ನಾನು ಏನೂ ನೋಡಲಿಲ್ಲ. ಪೂಜೆಗೆ ಮೊದಲೇ, ಆನ್ ಮಾಡಿದಾಗಲೇ ಆ ಸಾಲು ಬಂದಿತ್ತು. "ಲೇ, ಓದು, ಏನ್ ಕೇಳಾಕತ್ತೈತಿ ನೋಡು. ಓಟಿಪಿ ಕೊಟ್ಟಮ್ಯಾಲ ನನ್ನ ಕೈಯಾಗ ಏನೂ ಇಲ್ಲ" ಅಂದ ಸಿದ್ದರಾಮೇಶ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಅಂತ ಅವನೆದುರು ಹೇಳಲು ನಾಚಿಕೆಯಾಯಿತು. "ಎಲ್ಲಾ ಗೊತ್ತೈತಿ ನಡಿಯಲೇ" ಅಂದು ನಂಬರ್ ಹೇಳಿ ಕಳಿಸಿದೆ.

ನಿನ್ನೆ ಸಿಂಧನೂರಿನ ಝೆರಾಕ್ಸ್ ಅಂಗಡಿಯ ನಾಹಿದಾ ಓದಿ ಹೇಳಿದಳು. ಆ ಸಾಲು ಹಳೇ ಮಾಲೀಕನ ಪಾಸ್‌ವರ್ಡ್ ಕೇಳುತ್ತಿದೆಯಂತೆ. ಆಗಲ್ಲ ಅಂತ ಬಂದ ಮೆಸೇಜನ್ನೂ ಓದಿಸಿದೆ, ಅದರಲ್ಲಿ ಕಾಯಿ ನೀರಿನ ಸುದ್ದಿಯೇ ಇಲ್ಲ. ಬಾಗಿಲಲ್ಲೇ ನೋಡಿ ಒಪ್ಪಿಕೊಂಡಿದ್ದೀರಿ, ವಾಪಸ್ ಆಗುವುದಿಲ್ಲ, ಅಷ್ಟೇ.

ಇದನ್ನೂ ಅವ್ವಗೆ ಓದು. ಶಿವಲಿಂಗಮ್ಮ ಗಿರಣಿ ಇನ್ನೂ ಶುರು ಮಾಡಿಲ್ಲ. ಸಂಜೆ ಅದೇ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಹೇಳುತ್ತೇನೆ. ಒಂಬತ್ತನೇ ಕ್ಲಾಸಿನ ನನ್ನ ಪುಸ್ತಕಗಳಿಗೂ ಅವ್ವನೇ ಕುಂಕುಮ ಹಚ್ಚಿದ್ದಳು. ತೆರೆಯದವನು ನಾನು.