ಸೋಪು ಮುಟ್ಟಬಾರದ ಬಾಟಲಿ

ಸೇತುರಾಮ ಸಾರ್ ಅವರಿಗೆ,

ನಿಮ್ಮ ಮೆಮೊ ಬಂತು. ರಕ್ತದ ಒಂದೊಂದೇ ಜೀವಕೋಶವನ್ನು ಸುಟ್ಟು, ಅದಕ್ಕೆ ಅಂಟಿಸಿದ ಲೋಹವನ್ನು ಅಳೆಯುವ ನಮ್ಮ ಲ್ಯಾಬಿನ ಯಂತ್ರಕ್ಕೆ ಸೋಪಿನಲ್ಲಿರುವ ಬೇರಿಯಂ ಎಂಬ ಲೋಹ ಸೇರಿ ಪರೀಕ್ಷೆ ಕೆಟ್ಟಿತು, ತಪ್ಪು ನನ್ನದೆಂದು ಸಹಿ ಹಾಕಬೇಕು ಎಂದಿದ್ದೀರಿ. ಹಾಕುವುದಿಲ್ಲ.

ಆ ಯಂತ್ರಕ್ಕೆ ನೀರು ತುಂಬಿಡುವ ಬಾಟಲಿಗಳಿಗೆ ಸೋಪು ಮುಟ್ಟಿಸಬಾರದೆಂದು ಆರು ವರ್ಷದಿಂದ ಹೊಸಬರಿಗೆ ಹೇಳಿಕೊಡುತ್ತಿರುವವಳೇ ನಾನು. ಸೋಮವಾರ ಡಾಕ್ಟರ್ ಅಭಿನವ್ ತಾವೇ ಅಂಥ ಒಂದು ಬಾಟಲಿಗೆ ಸೋಪು ಹಾಕಿ ತಿಕ್ಕುತ್ತಿದ್ದರು. "ಬೇಡ ಸಾರ್" ಅಂದೆ. "ಕ್ಲೀನಾಗಿರ್ಲಿ ಬಿಡಿ ಆಂಟಿ, ನಿಮಗೆ ಗೊತ್ತಾಗಲ್ಲ" ಅಂದರು.

ತೊಳೆದವರು ಬಾಟಲಿಯ ಚೀಟಿಯಲ್ಲಿ ಹೆಸರು ಬರೆಯಬೇಕೆಂಬುದು ನಿಮ್ಮದೇ ನಿಯಮ. ಅವರೂ ಬರೆದಿದ್ದಾರೆ. ಆ ಬಾಟಲಿ ನನ್ನ ಲಾಕರಿನಲ್ಲಿದೆ, ಮತ್ತೆ ತೊಳೆದಿಲ್ಲ. ಅದಕ್ಕೆ ನೀರು ತುಂಬಿ ಯಂತ್ರದಲ್ಲೇ ನೋಡಿ, ಬೇರಿಯಂ ಕಾಣುತ್ತದೆ. ಮೆಮೊ ವಾಪಸ್ ಕಳಿಸಿದ್ದೇನೆ, ಹೆಸರು ತಿದ್ದಿಕೊಡಿ.

ಬಾಟಲಿ ತೊಳೆಯುವ
ಲಕ್ಷ್ಮಿದೇವಮ್ಮ
ನಾಯಂಡಹಳ್ಳಿ